ಕಾವೇರಿಯ ಬಿಳಿಮೀನು

ನಾನು ಮೀನು ತಿನ್ನುವವನಲ್ಲ, ಹಿಡಿಯುವವನೂ ಅಲ್ಲ. ಕನ್ನಡ ಪಾಠ ಹೇಳಿ ಜೀವನ ಸಾಗಿಸುವ, ನಲವತ್ತು ದಾಟಿದ ಒಬ್ಬ ಉಪನ್ಯಾಸಕ. ಮೀನಿನ ಚರಿತ್ರೆ ಬರೆಯಲು ಇವನಿಗೇನು ಅಧಿಕಾರ ಎಂದು ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅಧಿಕಾರವಿಲ್ಲ, ನಿಜ, ಆದರೆ ಒಂದು ಹಳೆಯ ಋಣವಿದೆ. ನನ್ನ ಬಾಲ್ಯ ಕಳೆದದ್ದು ಅರಕಲಗೂಡು ತಾಲ್ಲೂಕಿನಲ್ಲಿ, ರಾಮನಾಥಪುರಕ್ಕೆ ಸಮೀಪದ ಒಂದು ಹಳ್ಳಿಯಲ್ಲಿ. ಕೊಡಗನ್ನು ಬಿಟ್ಟು ಬಂದ ಕಾವೇರಿ ಅಲ್ಲಿ ರಾಮೇಶ್ವರ ದೇವಾಲಯದ ಬಳಿ ಬಂಡೆಗಳ ನಡುವೆ ಮಡುಗಟ್ಟಿ ನಿಲ್ಲುತ್ತಾಳೆ. ವಹ್ನಿಪುಷ್ಕರಿಣಿ ಎಂದು ಅದಕ್ಕೆ ಹೆಸರು. ಹಬ್ಬಕ್ಕೆ ಹೋದಾಗ ಅಜ್ಜಿ ನನ್ನ ಕೈಗೆ ಒಂದು ಪೊಟ್ಟಣ ಪುರಿ ಕೊಡುತ್ತಿದ್ದಳು. ನೀರಿಗೆ ಎರಚಿದ ಕೂಡಲೇ ತೋಳಿನಷ್ಟು, ತೊಡೆಯಷ್ಟು ದಪ್ಪದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತಿದ್ದವು. "ದೇವರ ಮೀನು ಕಣೋ, ಮುಟ್ಟಬಾರದು" ಎಂದು ಅಜ್ಜಿ ಹೇಳುತ್ತಿದ್ದಳು. ದೇವರ ಮೀನು ಎಂಬುದಕ್ಕಿಂತ ಹೆಚ್ಚಿನ ಹೆಸರು ಅದಕ್ಕೆ ಬೇಕೆಂದು ನನಗಾಗಲಿ ಅವಳಿಗಾಗಲಿ ತೋರಿರಲಿಲ್ಲ.

ಕೆಲಸ ಸಿಕ್ಕಿ ಕೊಡಗಿಗೆ ಬಂದ ಮೇಲೆ ಅದೇ ಮೀನು ನನಗೆ ಇನ್ನೊಂದು ರೀತಿಯಲ್ಲಿ ಎದುರಾಯಿತು. ನನ್ನ ವಿದ್ಯಾರ್ಥಿಯೊಬ್ಬನ ಮನೆ ವಾಲ್ನೂರಿನ ಕಡೆ, ಹೊಳೆಯ ಪಕ್ಕದ ಕಾಫಿ ತೋಟದಲ್ಲಿ. ಹುತ್ತರಿಯ ಮಾರನೆಯ ದಿನ ಊಟಕ್ಕೆ ಕರೆದಿದ್ದ. ಊಟವಾದ ಮೇಲೆ ಎಂಬತ್ತು ದಾಟಿದ ಅವನ ತಾತ ಒಳಗಿನಿಂದ ಒಂದು ಹಲಗೆಯನ್ನು ತರಿಸಿದರು. ಆಳುದ್ದದ ಹಳೆಯ ಬೀಟೆಯ ಹಲಗೆ. ಅದರ ಮೇಲೆ ಚಾಣದಿಂದ ಗೀಚಿದ ಒಂದು ಮೀನಿನ ಅಂಚುಗೆರೆ. ಅವರ ತಂದೆ ಫ್ರೇಜರ್‌ಪೇಟೆಯ, ಎಂದರೆ ಈಗಿನ ಕುಶಾಲನಗರದ, ಕೆಳಗಿನ ಮಡುವಿನಲ್ಲಿ ಹಿಡಿದ ಮೀನಂತೆ. ಹಲಗೆಯ ಮೇಲೆ ಮಲಗಿಸಿ ಸುತ್ತ ಗೆರೆ ಎಳೆದು, ಆಮೇಲೆ ಊರಿಗೆಲ್ಲ ಹಂಚಿದರಂತೆ.

"ಈ ಬೆನ್ನು ನೋಡಿ ಮೇಷ್ಟ್ರೇ" ಎಂದು ಮುದುಕರು ಬೆರಳಿಟ್ಟು ತೋರಿಸಿದರು. ತಲೆಯ ಹಿಂದೆ ಗೆರೆ ಥಟ್ಟನೆ ಮೇಲಕ್ಕೆದ್ದು, ಎತ್ತಿನ ಹಿಣಿಲಿನ ಹಾಗೆ ಉಬ್ಬಿ, ಮತ್ತೆ ಇಳಿದಿತ್ತು. "ನಾನು ಹುಡುಗನಾಗಿದ್ದಾಗ ಇಂಥವು ಇದ್ದವು. ಈಗ ಬರುವುದೆಲ್ಲ ನೆಟ್ಟಗೆ ಬೆನ್ನಿನವು. ಮೀನಿಗೆ ಬರವಿಲ್ಲ. ಆದರೆ ಆ ಮೀನು ಎಲ್ಲಿ ಹೋಯಿತು?"

ನನಗೆ ಉತ್ತರ ತಿಳಿದಿರಲಿಲ್ಲ. ಆ ಪ್ರಶ್ನೆಯ ಹಿಂದೆ ಹೋಗಿ ಓದಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಇಂಗ್ಲಿಷಿನಲ್ಲಿ ಮಹಶೀರ್ ಎಂದು ಕರೆಯುವ, ನಮ್ಮ ಕಾವೇರಿ ದಂಡೆಯ ಜನ ಬಿಳಿಮೀನು ಎನ್ನುವ ಈ ಮತ್ಸ್ಯ ಗೆಂಡೆ ಮೀನಿನ ಬಳಗಕ್ಕೆ ಸೇರಿದ್ದು. ಅಗಲವಾದ ದೊಡ್ಡ ದೊಡ್ಡ ಹುರುಪೆ. ಬಾಯಿಯ ಬದಿಯಲ್ಲಿ ಮೀಸೆ. ಮುಂದಕ್ಕೆ ಚಾಚುವ ದಪ್ಪ ತುಟಿ. ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ, ಏಡಿಯ ಚಿಪ್ಪನ್ನು ಪುಡಿ ಮಾಡುವಷ್ಟು ಬಲವಾದದ್ದು. ದಡದ ಮರದಿಂದ ಉದುರಿದ ಹಣ್ಣು, ಹುಳು, ಏಡಿ, ಸಣ್ಣ ಮೀನು, ಯಾವುದನ್ನೂ ಬೇಡವೆನ್ನುವುದಿಲ್ಲ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಏರಿದಾಗ ಪ್ರವಾಹಕ್ಕೆದುರಾಗಿ ಮೇಲಕ್ಕೆ ಹತ್ತಿ, ಕಲ್ಲುಹರಳಿನ ತಳದಲ್ಲಿ ಮೊಟ್ಟೆಯಿಡುತ್ತದೆ. ಅದಕ್ಕೆ ಬೇಕಾದದ್ದು ಎರಡೇ: ತಡೆಯಿಲ್ಲದ ಹೊಳೆ ಮತ್ತು ತಿಳಿಯಾದ ನೀರು.

ಗಾಳ ಹಾಕಿ ಮೀನಿನೊಡನೆ ಸೆಣಸುವ ವಿನೋದವನ್ನು ನಮಗೆ ಕಲಿಸಿದವರು ಸಾಹೇಬರು ಎಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಇದು ಪೂರ್ತಿ ನಿಜವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ. ಯಾವ ಮೀನು ಎಲ್ಲಿ ಇರುತ್ತದೆ, ಅದಕ್ಕೆ ಏನು ತಿನ್ನಿಸಿ ಪಳಗಿಸಬೇಕು, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂದು ರಾಜ ಅಲ್ಲಿ ಸಾವಧಾನವಾಗಿ ವಿವರಿಸುತ್ತಾನೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗದ ಮೇಲೆ ಒಂದು ಲೇಖನ ಬರೆದು ವಿಜ್ಞಾನಿಗಳ ಗಮನಕ್ಕೆ ತಂದರು. ಕನ್ನಡ ನಾಡಿನ ದೊರೆಯೊಬ್ಬ ಬಿಡುವಿನ ವೇಳೆಯಲ್ಲಿ ಗಾಳ ಹಿಡಿದು ಕೂತಿದ್ದ ಚಿತ್ರ ನನಗಂತೂ ಬಹಳ ಪ್ರಿಯವಾದದ್ದು. ಅವನ ವರ್ಣನೆಯಲ್ಲಿ ನಾನು ಮೆಚ್ಚುವ ಸಂಗತಿ ಇನ್ನೊಂದಿದೆ. ಅವನು ಬರಿಯ "ಮೀನು" ಎನ್ನುವುದಿಲ್ಲ. ಬಗೆಬಗೆಯ ಮೀನುಗಳನ್ನು ಹೆಸರು ಹಿಡಿದು ಹೇಳುತ್ತಾನೆ.

ಜನಸಾಮಾನ್ಯರ ಮೀನುಬೇಟೆಗೆ ಇಷ್ಟು ಶಾಸ್ತ್ರವಿರಲಿಲ್ಲ. ಮುಂಗಾರಿನ ಮೊದಲ ನೀರಿಗೆ ಗದ್ದೆಯ ತೋಡಿನಲ್ಲಿ ಏರಿಬರುವ ಹತ್ತುಮೀನಿಗೆ ಕೂಳಿ ಒಡ್ಡುವುದು, ಬೇಸಗೆಯಲ್ಲಿ ಬತ್ತಿದ ಗುಂಡಿಗೆ ಕಾರೆಕಾಯಿಯನ್ನು ಜಜ್ಜಿ ಕಲಸಿ ಮೀನಿಗೆ ಅಮಲು ಬರಿಸುವುದು, ಬಲೆ ಬೀಸುವುದು, ಇವೆಲ್ಲ ಮಲೆನಾಡಿನ ಹಳೆಯ ರೂಢಿ. ದೊಡ್ಡ ಮಡುವಿಗೆ ಹೋಗಬೇಕಾದರೆ ಹರಿಗೋಲು. ಬಿದಿರ ದಬ್ಬೆಯ ಬುಟ್ಟಿಗೆ ತೊಗಲು ಹೊದಿಸಿದ ಈ ದುಂಡು ದೋಣಿ ಬಂಡೆಗೆ ತಾಗಿದರೂ ಒಡೆಯದು. ದಡಕ್ಕೆ ಬಂದ ಮೇಲೆ ಒಬ್ಬನೇ ತಲೆಯ ಮೇಲೆ ಕವುಚಿಕೊಂಡು ನಡೆಯಬಹುದು. ವಿಜಯನಗರಕ್ಕೆ ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯನ್ನು ದಾಟಿಸುವ ಇಂಥ ಬುಟ್ಟಿದೋಣಿಗಳ ಮಾತೆತ್ತಿದ್ದಾನೆ. ತೊಗಲಿನ ಬದಲು ಈಗ ಪ್ಲಾಸ್ಟಿಕ್ ಹಾಳೆ ಬಂದಿದೆ. ದೋಣಿಯ ಆಕಾರ ಮಾತ್ರ ಬದಲಾಗಿಲ್ಲ.

1834ರಲ್ಲಿ ಚಿಕ್ಕವೀರರಾಜೇಂದ್ರನ ರಾಜ್ಯ ಕಂಪನಿಯ ಕೈಸೇರಿತು. ಇಪ್ಪತ್ತು ವರ್ಷಗಳ ನಂತರ, 1854ರಲ್ಲಿ, ಫೌಲರ್ ಎಂಬಾತ ಮಡಿಕೇರಿಯಲ್ಲಿ ಕಾಫಿ ತೋಟ ತೆಗೆದ. ಅವನ ಹಿಂದೆಯೇ ಸಾಲುಸಾಲಾಗಿ ಯುರೋಪಿಯನ್ ತೋಟಗಾರರು ಬಂದರು. ದೂರದ ತೋಟದ ಬಂಗಲೆಯಲ್ಲಿ ಒಂಟಿಯಾಗಿ ಮಳೆಗಾಲ ಕಳೆದ ಇವರಿಗೆ ಬೇಸಗೆಯ ಹೊಳೆಯೇ ಕ್ಲಬ್ಬು, ಹೊಳೆಯೇ ಹುಟ್ಟೂರು. ತಾಯ್ನಾಡಿನ ಟ್ರೌಟ್ ಮೀನಿನ ನೆನಪನ್ನು ಕೆಲವರಿಗೆ ಬಿಡಲಾಗಲಿಲ್ಲ. ನೀಲಗಿರಿಗೆ ಆ ಮೀನನ್ನು ತರಲು ಫ್ರಾನ್ಸಿಸ್ ಡೇ 1863ರಲ್ಲಿ ಯತ್ನಿಸಿ ಸೋತ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ವಿಲ್ಸನ್ ಎಂಬಾತ ಆ ಕೆಲಸ ಸಾಧಿಸಿದ. ಆದರೆ ಕಾವೇರಿಯ ದಂಡೆಯಲ್ಲಿದ್ದವರಿಗೆ ಟ್ರೌಟ್ ಬೇಕಾಗಲಿಲ್ಲ. ಅದಕ್ಕಿಂತ ನೂರು ಪಾಲು ದೊಡ್ಡದು ಕಾಲಬುಡದಲ್ಲೇ ಇತ್ತು.

ಈ ಮೀನಿನ ಕೀರ್ತಿಯನ್ನು ಲೋಕಕ್ಕೆ ಸಾರಿದ ಗ್ರಂಥ 1873ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ಅಚ್ಚಾಯಿತು ಎಂಬುದು ಹೆಚ್ಚು ಜನಕ್ಕೆ ತಿಳಿಯದು. ಅದನ್ನು ಬರೆದವನು ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್. ಗ್ರಂಥದ ಹೆಸರು "ದಿ ರಾಡ್ ಇನ್ ಇಂಡಿಯಾ". ಗಾತ್ರಕ್ಕೆ ಗಾತ್ರ ಹೋಲಿಸಿದರೆ ಸ್ಕಾಟ್ಲೆಂಡಿನ ಸಾಲ್ಮನ್ ಮೀನಿಗಿಂತ ಮಹಶೀರೇ ಮಿಗಿಲೆಂಬುದು ಅವನ ತೀರ್ಪು. ಬರಿಯ ಬೇಟೆಗಾರನಾಗಿದ್ದರೆ ಅವನನ್ನು ಇಲ್ಲಿ ನೆನೆಯಬೇಕಾಗಿರಲಿಲ್ಲ. ಮರಿಮೀನುಗಳನ್ನು ಸಣ್ಣ ಕಣ್ಣಿನ ಬಲೆಯಿಂದಲೂ ವಿಷದಿಂದಲೂ ನಾಶ ಮಾಡುತ್ತಿರುವುದನ್ನು ಕಂಡು ಸರ್ಕಾರಕ್ಕೆ ವರದಿ ಒಪ್ಪಿಸಿದವನೂ ಅವನೇ. ಇಂಥ ವರದಿಗಳು ಕೂಡಿ ಕೂಡಿ ಕೊನೆಗೆ 1897ರ ಭಾರತೀಯ ಮೀನುಗಾರಿಕೆ ಕಾಯಿದೆ ಬಂತು. ನೀರಿಗೆ ಸಿಡಿಮದ್ದು ಹಾಕುವುದು, ವಿಷ ಬೆರೆಸುವುದು, ಎರಡೂ ಅಪರಾಧವಾದವು. ಕಾನೂನು ಬಂತೆಂದು ತೋಟೆ ಹಾಕುವವರು ನಿಲ್ಲಿಸಲಿಲ್ಲ, ಆ ಮಾತು ಬೇರೆ.

ಮುಂದಿನದು ದಾಖಲೆಗಳ ಕಾಲ. 1919ರಲ್ಲಿ ಮೇಜರ್ ರಿವೆಟ್ ಕಾರ್ನಾಕ್ ಕಾವೇರಿಯಲ್ಲಿ 119 ಪೌಂಡಿನ ಮೀನು ಹಿಡಿದ. 1946ರಲ್ಲಿ, ಸತ್ತ ಪ್ರಾಣಿಗಳನ್ನು ಜೀವಂತವೆನಿಸುವಂತೆ ಮಾಡುತ್ತಿದ್ದ ಮೈಸೂರಿನ ಪ್ರಖ್ಯಾತ ವಾನ್ ಇಂಗೆನ್ ಮನೆತನದ ಡಿ ವೆಟ್ ವಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನದನ್ನು, ಎಂದರೆ ಸುಮಾರು 54 ಕಿಲೋ ತೂಕದ್ದನ್ನು, ದಡಕ್ಕೆಳೆದರು. ಒಬ್ಬ ಸಾಮಾನ್ಯ ಮನುಷ್ಯನ ತೂಕ! ಇಂಥ ಮೀನಿಗೆ ಗಾಳದ ತುದಿಯಲ್ಲಿ ಕಟ್ಟಿದ ಎರೆ ಏನೆಂದು ತಿಳಿದರೆ ಓದುಗರಿಗೆ ನಗು ಬಂದೀತು. ವಿಲಾಯತಿಯಿಂದ ತರಿಸಿದ ಹಿತ್ತಾಳೆಯ ಮೀನುಗಳೂ ಇದ್ದವು; ಆದರೆ ಅನುಭವಿಗಳು ನೆಚ್ಚಿದ್ದು ನಮ್ಮ ರಾಗಿಮುದ್ದೆಯನ್ನು. ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಪ್ರವಾಹಕ್ಕೆ ಕರಗದಂತೆ ನಾದಿ, ಉಂಡೆ ಮಾಡಿ ಗಾಳಕ್ಕೆ ಮೆತ್ತಬೇಕು. ಹಳೆ ಮೈಸೂರಿನ ಮೀನು ಹಳೆ ಮೈಸೂರಿನ ಊಟವನ್ನೇ ಮೆಚ್ಚಿತು. ಹೊಳೆಯ ಸುಳಿ, ಮಡು, ಬಂಡೆ ಬಲ್ಲ ಅಂಬಿಗನಿಲ್ಲದೆ ಯಾವ ಸಾಹೇಬನಿಗೂ ಮೀನು ಸಿಕ್ಕಿದ್ದಿಲ್ಲ. ದಾಖಲೆಯ ಪುಸ್ತಕದಲ್ಲಿ ಮಾತ್ರ ಅಂಬಿಗನ ಹೆಸರಿಲ್ಲ.

ಈ ನಡುವೆ ಹೊಳೆಯೇ ಬದಲಾಯಿತು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆ ಮುಗಿಯಿತು. 1934ರಲ್ಲಿ ಮೆಟ್ಟೂರಿನ ಅಣೆಕಟ್ಟು ತೆರೆಯಿತು. ಆಮೇಲೆ ಕಬಿನಿ, ಹೇಮಾವತಿ, ಹಾರಂಗಿ. ನಾವು ಅನ್ನ ಉಣ್ಣುವುದು ಇವುಗಳಿಂದಲೇ, ಆದ್ದರಿಂದ ಹಳಿಯುವ ಬಾಯಿ ನನಗಿಲ್ಲ. ಆದರೆ ಮುಂಗಾರಿನಲ್ಲಿ ಮೇಲಕ್ಕೆ ಹತ್ತುವ ಮೀನಿಗೆ ಗೋಡೆ ಅಡ್ಡ ಬಂದಿತೆಂಬುದೂ ಸುಳ್ಳಲ್ಲ. ಸ್ವಾತಂತ್ರ್ಯಾನಂತರ ಸಾಹೇಬರು ತೋಟ ಮಾರಿ ಹೊರಟರು. ರಸ್ತೆ, ಕಲ್ಲುಗಣಿ, ಬಾವಿಗಳಿಗೆಂದು ಬಂದ ಸಿಡಿಮದ್ದು ಹೊಳೆಗೂ ಬಂತು. ಒಂದು ತೋಟೆ ಒಂದು ಮಡುವನ್ನೇ ಬರಿದು ಮಾಡುತ್ತದೆ. ತೇಲಿದ ದೊಡ್ಡ ಮೀನು ನಾಲ್ಕನ್ನು ಹೆಕ್ಕಿಕೊಂಡರೆ ಸಾವಿರ ಮರಿಗಳು ಕೊಳೆಯಲು ಉಳಿಯುತ್ತವೆ.

1970ರ ದಶಕದ ಹೊತ್ತಿಗೆ ಕಾವೇರಿಯ ಮಹಾಮತ್ಸ್ಯದ ಕತೆ ಮುಗಿಯಿತೆಂದೇ ಹೊರಗಿನವರು ತಿಳಿದಿದ್ದರು. ಆಗ, 1977–78ರಲ್ಲಿ, ಇಂಗ್ಲೆಂಡಿನಿಂದ ಮೂವರು ಯುವಕರು ಗಾಳದ ಕೋಲು ಹೊತ್ತು ದೇಶ ಸುತ್ತುತ್ತ ಕಾವೇರಿಗೆ ಬಂದರು. ಅವರಲ್ಲೊಬ್ಬನಾದ ರಾಬರ್ಟ್ ಹೋವಿಟ್ 92 ಪೌಂಡಿನ ಮೀನು ಹಿಡಿದಾಗ ಸುದ್ದಿ ಮತ್ತೆ ಹಬ್ಬಿತು. ಆದರೆ ಈ ಸಲ ಬಂದ ಬೇಟೆಗಾರರ ನಡತೆ ಬೇರೆಯಾಗಿತ್ತು. ಮೀನನ್ನು ಹಿಡಿದು, ತೂಗಿ, ಚಿತ್ರ ತೆಗೆದು, ಮತ್ತೆ ನೀರಿಗೆ ಬಿಡುವುದು ಅವರ ನೇಮ. ಬೆಂಗಳೂರಿನಲ್ಲಿ 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ಮೇಕೆದಾಟಿನ ಕಡೆಯ ಹೊಳೆಗೆ ಕಾವಲು ಹಾಕಿತು. ಇಲ್ಲಿ ಕೊಡಗು ವನ್ಯಜೀವಿ ಸಂಘ ಸಿದ್ದಾಪುರದಿಂದ ಕುಶಾಲನಗರದವರೆಗಿನ 28 ಕಿಲೋಮೀಟರ್ ಹೊಳೆಯ ಹೊಣೆ ಹೊತ್ತಿತು. ವಾಲ್ನೂರಿನಲ್ಲಿ ಬಿಡಾರವೆದ್ದಿತು. ಗಾಳ ಹಾಕಲು ಬಂದವರು ಕೊಟ್ಟ ಹಣದಿಂದ ಕಾವಲುಗಾರರಿಗೆ ಸಂಬಳ. ನಿನ್ನೆ ತೋಟೆ ಹಾಕುತ್ತಿದ್ದ ಕೈಗಳೇ ಕೆಲವೆಡೆ ಹೊಳೆ ಕಾಯಲು ನಿಂತವು.

ಕಾವಲಿನ ಜೊತೆಗೆ ಇನ್ನೊಂದು ಸತ್ಕಾರ್ಯವೂ ನಡೆಯಿತು. ಪುಣೆಯ ಹತ್ತಿರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು ತಮ್ಮ ಕೆರೆಗಳ ಪಕ್ಕದಲ್ಲಿ ಮಹಶೀರನ್ನು ಕೃತಕವಾಗಿ ಮರಿ ಮಾಡಿಸುವ ವಿದ್ಯೆಯನ್ನು 1970ರ ದಶಕದಲ್ಲಿ ಸಾಧಿಸಿದ್ದರು. ಲಕ್ಷಗಟ್ಟಲೆ ಮರಿಗಳು ದೇಶದ ಹೊಳೆ ಕೆರೆಗಳಿಗೆಲ್ಲ ಹೋದವು, ಕಾವೇರಿಗೂ ಬಂದವು. ಬರಿದಾದ ಹೊಳೆಗೆ ಮರಿ ತಂದು ಬಿಡುವುದಕ್ಕಿಂತ ದೊಡ್ಡ ಪುಣ್ಯ ಯಾವುದು? ನಾನು ಆಗ ಅಲ್ಲಿದ್ದಿದ್ದರೆ ಕೊಡ ಹೊರಲು ನಾನೂ ಹೋಗುತ್ತಿದ್ದೆ.

ಎಡವಿದ್ದು ಇಲ್ಲಿಯೇ. ಲೋನಾವಳದ ಮೀನು ನೀಲಿ ರೆಕ್ಕೆಯದು. 1839ರಲ್ಲಿ ಸೈಕ್ಸ್ ಎಂಬ ಸೈನ್ಯಾಧಿಕಾರಿ ಪುಣೆಯ ಕಡೆಯ ಹೊಳೆಗಳ ಮೀನು ನೋಡಿ ಅದಕ್ಕೆ ಖುದ್ರೀ ಎಂದು ಹೆಸರಿಟ್ಟಿದ್ದ. ಕಾವೇರಿಯ ದೈತ್ಯನಾದರೋ ಕಿತ್ತಳೆ ಬಣ್ಣದ ಬಾಲದ, ಗೂನುಬೆನ್ನಿನ ಮೀನು. ಹಳೆಯ ದಾಖಲೆಗಳ ಮಹಾಮತ್ಸ್ಯ ಅದೇ. ಎರಡೂ ಮಹಶೀರೇ ತಾನೆ, ಎಂದು ಎಲ್ಲರೂ ಅಂದುಕೊಂಡರು. ಗೂನುಬೆನ್ನಿನದಕ್ಕೆ ಶಾಸ್ತ್ರದಲ್ಲಿ ಒಂದು ನಿಶ್ಚಿತ ಹೆಸರೂ ಇರಲಿಲ್ಲ. ಪುಣೆಯ ಕಡೆಯ ಇನ್ನೊಂದು ಮೀನಿನ ಹೆಸರನ್ನೇ ಅದಕ್ಕೆ ಅಂಟಿಸಿ ಕರೆಯುತ್ತಿದ್ದರು.

ನಿಜಸ್ಥಿತಿ ಬೆಳಕಿಗೆ ಬಂದದ್ದು ಗಾಳ ಹಾಕುವವರ ಲೆಕ್ಕದ ಪುಸ್ತಕದಿಂದ. ಗಾಳಿಬೋರೆಯ ಬಿಡಾರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ 6,000ಕ್ಕೂ ಹೆಚ್ಚು ಮೀನುಗಳ ತೂಕ, ದಿನ, ಬಗೆ ಬರೆದಿಟ್ಟಿದ್ದರು. ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತ ಮೇಲೆ ಆ ಲೆಕ್ಕವೂ ನಿಂತಿತು. ಆದರೆ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಆ ಪುಸ್ತಕಗಳನ್ನು ಕೂಡಿಸಿ ಕಳೆದು 2015ರಲ್ಲಿ ಪ್ರಕಟಿಸಿದ ಫಲ ಗಾಬರಿ ಹುಟ್ಟಿಸುವಂಥದು. ಒಟ್ಟು ಮೀನಿನ ಸಂಖ್ಯೆ ಏರಿತ್ತು, ಕಾವಲು ಫಲಿಸಿತ್ತು. ಆದರೆ ಏರಿದ್ದೆಲ್ಲ ನೀಲಿ ರೆಕ್ಕೆಯದು. ಗೂನುಬೆನ್ನಿನದು ವರ್ಷ ವರ್ಷಕ್ಕೆ ಇಳಿಯುತ್ತ ಬಂದಿತ್ತು. ಸಿಕ್ಕಿದ ನಾಲ್ಕಾರೂ ದೊಡ್ಡ, ಮುದಿ ಮೀನುಗಳು. ಮರಿಗಳ ಸುಳಿವೇ ಇಲ್ಲ. ಹಿರಿಯರು ಮಾತ್ರ ಉಳಿದು ತೊಟ್ಟಿಲು ಖಾಲಿಯಾದ ಮನೆಯಂತೆ.

2018ರಲ್ಲಿ ಅದೇ ವಿದ್ವಾಂಸರು ಮೋಯಾರ್ ಹೊಳೆಯಲ್ಲಿ ಉಳಿದಿದ್ದ ಕೆಲವು ಗೂನುಬೆನ್ನಿನ ಮೀನುಗಳನ್ನು ಪರೀಕ್ಷಿಸಿದರು. ಕೇರಳದ ಪಾಂಬಾರ್ ಹೊಳೆಯಿಂದ ಕೆಲವು ವರ್ಷ ಮೊದಲೇ ಬಣ್ಣಿಸಲಾಗಿದ್ದ, ಮತ್ಸ್ಯವಿಜ್ಞಾನಿ ರೇಮಾದೇವಿಯವರ ಹೆಸರು ಹೊತ್ತ ಮೀನೇ ಇದು ಎಂದು ಸ್ಥಿರಪಡಿಸಿದರು. ಕಾವೇರಿ ಕಣಿವೆಯ ಹೊರತು ಲೋಕದಲ್ಲಿ ಬೇರೆಲ್ಲೂ ಇಲ್ಲದ ಮೀನು. ಆ ವರ್ಷವೇ ಅದು ಅಳಿವಿಗೆ ಅತಿ ಸಮೀಪದ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೂ ಸೇರಿತು. ನಾಮಕರಣಕ್ಕೂ ನಾಡಿಯ ಪರೀಕ್ಷೆಗೂ ಒಂದೇ ವರ್ಷ.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಉತ್ತರ ಅಮೆರಿಕದ ಪೂರ್ವಭಾಗದ ತಣ್ಣನೆಯ ತೊರೆಗಳಲ್ಲಿ ಬ್ರೂಕ್ ಟ್ರೌಟ್ ಎಂಬ ಚುಕ್ಕೆಯ ಮೀನಿದೆ. ನಮ್ಮಲ್ಲಿ ಹರಿಗೋಲು ಹೇಗೋ ಹಾಗೆ ಅಲ್ಲಿ ಮರದ ತೊಗಟೆಯ ಹಗುರ ದೋಣಿ. ಅಲ್ಲಿನ ಮೂಲನಿವಾಸಿಗಳು ಕಲಿಸಿದ ವಿದ್ಯೆ. ಕಾಡಿನೊಳಗೆ ದಿನಗಟ್ಟಲೆ ಹುಟ್ಟು ಹಾಕಿ, ಒಂದು ಸರೋವರದಿಂದ ಇನ್ನೊಂದಕ್ಕೆ ದೋಣಿಯನ್ನು ಹೆಗಲ ಮೇಲೆ ಹೊತ್ತು, ಆ ಮೀನನ್ನು ಅರಸಿ ಹೋಗುವುದು ಅಲ್ಲಿಯವರಿಗೆ ತೀರ್ಥಯಾತ್ರೆಯಂತೆ. ಮರ ಕಡಿದು ತೊರೆ ಬಿಸಿಯಾಗಿ ಮೀನು ಕಡಿಮೆಯಾದಾಗ ಅವರೂ ಹೊರಗಿನಿಂದ ಮೀನು ತಂದರು. 1883ರಲ್ಲಿ ಜರ್ಮನಿಯಿಂದ ಕಂದು ಟ್ರೌಟಿನ ಮೊಟ್ಟೆ ಹಡಗೇರಿ ಬಂತು. ಬಂದ ಅತಿಥಿ ಮನೆಯವನನ್ನು ಎಷ್ಟೋ ತೊರೆಗಳಿಂದ ಹೊರಹಾಕಿತು. ಟ್ರೌಟ್ ಇದ್ದರೆ ಸಾಕು, ಯಾವುದಾದರೇನು ಎಂಬುದೇ ಅಲ್ಲಿಯ ತಪ್ಪೂ ಆಗಿತ್ತು.

ನಾನು ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠ ಹೇಳುವಾಗ ಪ್ರತಿವರ್ಷ ಒಂದು ಮಾತು ಹೇಳುತ್ತೇನೆ. ಹಳೆಯ ಓಲೆಗರಿಯನ್ನು ಕೆಡಿಸುವುದು ಗೆದ್ದಲು ಮಾತ್ರವಲ್ಲ. ಗೆದ್ದಲು ತಿಂದ ಜಾಗ ಖಾಲಿ ಇರುತ್ತದೆ. ಅಲ್ಲಿ ಏನೋ ಇತ್ತೆಂದು ನಮಗೆ ತಿಳಿಯುತ್ತದೆ. ಹೆಚ್ಚಿನ ಅಪಾಯ ಭಕ್ತಿಯುಳ್ಳ ಲಿಪಿಕಾರನಿಂದ. ಅರ್ಥವಾಗದ ಹಳೆಯ ಶಬ್ದ ಕಂಡಾಗ, ಇದು ತಪ್ಪಿರಬೇಕೆಂದು ಬಗೆದು, ಸದುದ್ದೇಶದಿಂದಲೇ ತನಗೆ ಗೊತ್ತಿರುವ ಶಬ್ದವನ್ನು ಬರೆದುಬಿಡುತ್ತಾನೆ. ಪದ್ಯ ಸರಾಗವಾಗಿ ಓದುತ್ತದೆ, ಛಂದಸ್ಸೂ ಕೂಡುತ್ತದೆ. ಕವಿಯ ಶಬ್ದ ಹೋದದ್ದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಕಾವೇರಿಯಲ್ಲಿ ಆದದ್ದೂ ಇದೇ. ತೋಟೆ ಹಾಕಿದವರು ಗೆದ್ದಲಿನ ಕೆಲಸ ಮಾಡಿದರು. ಮರಿ ಬಿಟ್ಟವರು ಲಿಪಿಕಾರನ ಕೆಲಸ ಮಾಡಿದರು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಿಲ್ಲ. ಮರಿ ಬಿಟ್ಟವರು, ಹೊಳೆ ಕಾದವರು ಇಲ್ಲದಿದ್ದರೆ ಇಂದು ಕೇಳಲು ಪ್ರಶ್ನೆಯೂ ಉಳಿಯುತ್ತಿರಲಿಲ್ಲ. ಆದರೆ ಪ್ರೀತಿಗೂ ಒಂದು ವ್ಯಾಸಂಗ ಬೇಕು. ಉಪಕಾರ ಮಾಡುವ ಮೊದಲು ಯಾರಿಗೆ ಮಾಡುತ್ತಿದ್ದೇವೆಂದು ಕೇಳಿಕೊಳ್ಳಬೇಕು.

ಈ ಸಂಗತಿಗಳನ್ನೆಲ್ಲ ಓದಿಕೊಂಡು ಮತ್ತೆ ವಾಲ್ನೂರಿಗೆ ಹೋಗಿದ್ದೆ. ಮುದುಕರು ಜಗಲಿಯಲ್ಲಿ ಕೂತು ಪೂರ್ತಿ ಕೇಳಿದರು. ಹೊಸ ಹೆಸರನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ, "ಹಾಗಾದರೆ ನನ್ನ ಕಣ್ಣು ಸುಳ್ಳಲ್ಲ" ಎಂದರು. ಅವರ ಧ್ವನಿಯಲ್ಲಿ ಸಮಾಧಾನವೇ ಹೆಚ್ಚಾಗಿತ್ತು. ಇಷ್ಟು ವರ್ಷ ಅವರು ಹಲಗೆ ತೋರಿಸಿದಾಗಲೆಲ್ಲ, ಗೀಚಿದವರ ಕೈ ನಡುಗಿರಬೇಕು ಎಂದು ಮನೆಯವರು ತಮಾಷೆ ಮಾಡುತ್ತಿದ್ದರಂತೆ. ಮೊಮ್ಮಗ ಹಲಗೆಯನ್ನು ಒರೆಸಿ ನಡುಮನೆಯ ಗೋಡೆಗೆ ನಿಲ್ಲಿಸಿದ.

ಹೊರಡುವಾಗ ಹೊಳೆಯ ದಡಕ್ಕೆ ಇಳಿದೆವು. ನೀರು ತಿಳಿಯಾಗಿತ್ತು. ಬಂಡೆಯ ನೆರಳಿನಲ್ಲಿ ನಾಲ್ಕಾರು ಮೀನುಗಳು ಪ್ರವಾಹಕ್ಕೆ ಮುಖ ಮಾಡಿ ನಿಂತಿದ್ದವು. ಅಭ್ಯಾಸಬಲದಿಂದ ನನ್ನ ಕೈ ಜೇಬಿನಲ್ಲಿ ಪುರಿ ಹುಡುಕಿತು. "ದೇವರ ಮೀನು" ಎಂಬ ಅಜ್ಜಿಯ ಮಾತು ನಾಲಗೆಗೆ ಬಂದರೂ, ಈಗ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಬಗ್ಗಿ ಅವುಗಳ ಬೆನ್ನು ನೋಡಿದೆ. ಎಲ್ಲವೂ ನೆಟ್ಟಗಿದ್ದವು.